ಅರವತ್ತು ಮಂದಿ ಮುಟ್ಟಿದ ರೈಫಲ್

ಗಂಡನನ್ನು ಮಣ್ಣು ಮಾಡಿ ಬಂದ ಮೇಲಿನ ಮೊದಲ ಮಾಮೂಲು ಬೆಳಿಗ್ಗೆ ನಾನು ನೀರಿನ ಬಾಟಲಿಯಿಂದ ಚಪಾತಿ ಲಟ್ಟಿಸುತ್ತಿದ್ದೆ. ಊರಿನಿಂದ ಬಂದವರು ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಅಳುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಮನೆ ಶಾಂತವಾಗಿತ್ತು.

ಲಟ್ಟಣಿಗೆ ಖಂಡೇನವಮಿಯಿಂದ, ಅಂದರೆ ಆಯುಧಪೂಜೆಯ ದಿನದಿಂದ, ಕಾಣೆಯಾಗಿತ್ತು. ಅದನ್ನೇನಾದರೂ ನೋಡಿದೆಯಾ ಎಂದು ಆ ಭಾನುವಾರ ಹೊರಟು ನಿಂತಿದ್ದ ಗಂಡ ಶಶಿಕಾಂತನನ್ನು ಕೇಳಿದ್ದೆ. "ಲಟ್ಟಣಿಗಿ ಎಲ್ಲಿ ಹೋಗತದ? ಸಿಗತದ ಬಿಡು" ಎಂದು ಚಪ್ಪಲಿ ಮೆಟ್ಟಿದ. ಅದೇ ಅವನು ನನ್ನೊಡನೆ ಆಡಿದ ಕೊನೆಯ ಮಾತು. ತೀರಿಕೊಂಡವರ ಕೊನೆಯ ಮಾತುಗಳನ್ನು ಜನ ಕಣ್ಣಿಗೆ ಒತ್ತಿಕೊಂಡು ಹೇಳುತ್ತಾರೆ. ನನಗೆ ಸಿಕ್ಕಿದ್ದು ಇದು.

ಮೂರನೆಯ ಚಪಾತಿಗೆ ಬೆಲ್ ಆಯಿತು. ಬಾಗಿಲಲ್ಲಿ ಹವಾಲ್ದಾರರಿದ್ದರು. ಬಾಗಿಲ ಮೇಲಿನ ಹೆಸರಿನ ಫಲಕ ಓದಿ, ನಮ್ಮ ಭಾಷೆ ಯಾವುದೆಂದು ಊಹಿಸಿ, ತಾವೂ ಕನ್ನಡ ಆಡುವ ಜತ್ ಕಡೆಯವರೆಂದು ಮೊದಲೇ ಹೇಳಿಕೊಂಡರು. ಆಮೇಲೆ ಮೊಬೈಲು ಮುಂದೆ ಹಿಡಿದರು.

"ಅಕ್ಕಾರ, ಈ ಫ್ಲೆಕ್ಸಿನ್ಯಾಗ ಇರೋರು ನಿಮ್ಮ ಯಜಮಾನರು ಹೌದಲ್ರಿ?"

ಹೌದು. ಕಾರ್ಖಾನೆಗಳ ಪ್ರದೇಶವಾದ ಡೊಂಬಿವಲಿ ಎಂಐಡಿಸಿಯ ನಮ್ಮ ಚೌಕದಲ್ಲಿ ಸತ್ತವರಿಗೆಲ್ಲ ಒಂದು ಫ್ಲೆಕ್ಸ್ ಸಿಗುತ್ತದೆ. ಶಶಿಕಾಂತನದನ್ನು ಕನ್ನಡ ಕೂಟದವರು ಹಾಕಿಸಿದ್ದರು. ಮೇಲೆ ಎರಡು ಭಾಷೆಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ಕೆಳಗೆ ಕೂಟದ ಅಧ್ಯಕ್ಷರೂ ಶಶಿಕಾಂತನ ಚಿಕ್ಕಪ್ಪನೂ ಆದ ಕಲ್ಯಾಣದ ವಿರುಪಾಕ್ಷಪ್ಪ ಕಾಕಾ ಕೈಮುಗಿದುಕೊಂಡು, ಸತ್ತವನಿಗಿಂತ ದೊಡ್ಡದಾಗಿ. ನಡುವೆ ಶಶಿಕಾಂತ. ಅವನ ಮೊಬೈಲಿನಲ್ಲಿದ್ದ ಚಿತ್ರವನ್ನೇ ಹಾಕಿದ್ದರು. ಒಂದು ಕಣ್ಣು ಮುಚ್ಚಿ, ನೂರಿಪ್ಪತ್ತು ವರ್ಷ ಹಳೆಯ ರೈಫಲಿನಿಂದ ನೋಡುವವರ ಕಡೆಗೇ ಗುರಿ ಇಟ್ಟ ಚಿತ್ರ.

"ಫ್ಲೆಕ್ಸ್ ಕಟ್ಟಿದ್ದು ನಮ್ಮ ಪೊಲೀಸ್ ಚೌಕಿ ಎದುರಿಗೆ ರೀ. ಸಾಹೇಬ್ರು ಚಹಾ ಕುಡಿಯಾಕ ಹೊರಗ ಬಂದ್ರ ನಳಿಗಿ ಅವರ ಎದಿಗೇ ಬರತೈತಿ. ನಾಕು ದಿನ ತಡಕೊಂಡ್ರು. ಲೈಸೆನ್ಸ್ ಐತೇನ್ರಿ?"

"ಸ್ಕೂಟರಿನದೂ ಇರಲಿಲ್ಲ."

"ಹಂಗಾರ ಬಂದೂಕ ಎಲ್ಲೈತಿ?"

ನಾನು ಬಾಗಿಲ ಹಿಂದೆ ಬೆರಳು ತೋರಿಸಿದೆ. ಉದ್ದನೆಯ ಕ್ಯಾನ್‌ವಾಸ್ ಚೀಲ ಅಲ್ಲಿ ಗೋಡೆಗೆ ಒರಗಿ ನಿಂತಿತ್ತು. ಮೈಯೆಲ್ಲ ಅರಿಸಿನ ಕುಂಕುಮ. ಆ ಭಾನುವಾರ ಹಳಿ ರಿಪೇರಿಗೆಂದು ಗಾಡಿಗಳನ್ನು ಕಡಿಮೆ ಮಾಡುವ ಮೆಗಾಬ್ಲಾಕ್ ಇತ್ತು. ಎರಡು ಗಾಡಿಗಳ ಜನ ಒಂದೇ ಗಾಡಿಯಲ್ಲಿದ್ದರು. ಶಶಿಕಾಂತ ಬಾಗಿಲಲ್ಲಿ ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಈ ಚೀಲ ಹಿಡಿದು ಜೋತಾಡುತ್ತಿದ್ದನಂತೆ. ಒಳಗಿನವರು ಕೈಚಾಚಿ ಎಳೆದುಕೊಳ್ಳಲು ನೋಡಿದಾಗ "ಪಹಲೇ ಬ್ಯಾಗ್ ಲೋ", ಮೊದಲು ಚೀಲ ತಗೊಳ್ಳಿ, ಎಂದನಂತೆ. ತೆಗೆದುಕೊಂಡರು. ಹಾಗಾಗಿ ಚೀಲ ಮಾತ್ರ ಠಾಣೆ ರೈಲು ನಿಲ್ದಾಣಕ್ಕೆ ಸುರಕ್ಷಿತವಾಗಿ ತಲುಪಿತು. ರೈಲ್ವೆ ಪೊಲೀಸರು "ಉದ್ದನೆಯ ಚೀಲ ಒಂದು, ಸಾಮಾನು ಸಹಿತ" ಎಂದು ಬರೆದು ಕಾಕಾನ ಕೈಗೆ ಕೊಟ್ಟರು. ಯಾವ ಸಾಮಾನು ಎಂದು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಆ ದಿನ ಅದೇ ಹಳಿಯ ಮೇಲೆ ಇನ್ನಿಬ್ಬರು ಬಿದ್ದಿದ್ದರು.

ಹವಾಲ್ದಾರರು ಎರಡು ಹೆಜ್ಜೆ ಹಿಂದೆ ಸರಿದರು. ನನ್ನನ್ನು ಅಡಿಗೆಮನೆಗೆ ಕಳಿಸಿದರು. ಆಮೇಲೆ ನನ್ನ ಕಸಬರಿಗೆಯ ಹಿಡಿಯನ್ನು ಜಿಪ್ಪಿಗೆ ಸಿಕ್ಕಿಸಿ, ಮುಖ ಆ ಕಡೆ ತಿರುಗಿಸಿಕೊಂಡು ಎಳೆದರು.

ಚೀಲದಿಂದ ಹೊರಬಂದವು: ನಮ್ಮ ಸೋಲಾಪುರ ಚಾದರ, ಸುತ್ತಿದ್ದು. ಅದರೊಳಗೆ ನಳಿಗೆ ಒರೆಸುವ ಹಿತ್ತಾಳೆಯ ಕಡ್ಡಿ, ಮೂರು ತುಂಡು. ಎಣ್ಣೆಯ ಪುಟ್ಟ ಬಾಟಲಿ. ರೈಫಲಿನ ಹಿಡಿ ಇರಬೇಕಾದ ಕಡೆ, ಕೈಗೆ ಭಾರ ಗೊತ್ತಾಗಲೆಂದು ಪೇಪರಿನಲ್ಲಿ ಸುತ್ತಿಟ್ಟ ನನ್ನ ಲಟ್ಟಣಿಗೆ.

ಸಿಗತದ ಬಿಡು ಎಂದಿದ್ದ. ಸಿಕ್ಕಿತು.

"ಇದೇನ್ರಿ ಇದು?"

"ಲಟ್ಟಣಿಗೆ."

"ಅದು ಗೊತ್ತೈತ್ರಿ ಅಕ್ಕಾರ, ನನಗೂ ಹೆಂಡ್ತಿ ಅದಾಳ. ಬಂದೂಕ ಎಲ್ಲಿ ಹೋತು?"

ಅವರು ಕೂತು ಪಂಚನಾಮೆ ಬರೆದರು. ಲಾಟಣೆ, ಅಂದರೆ ಲಟ್ಟಣಿಗೆ, ಮರದ್ದು, ಒಂದು ನಗ. ಬಂದೂಕಿನ ಜಾಗದಲ್ಲಿ ದೊರೆತದ್ದರಿಂದ ಅದು ಪುರಾವೆ ಎಂದು ಲಕೋಟೆಗೆ ಹಾಕಿ ಅರಗು ಒತ್ತಿದರು. ಚೀಲಕ್ಕೆ ಸಾಲುವಷ್ಟು ದೊಡ್ಡ ಲಕೋಟೆ ಠಾಣೆಯಲ್ಲಿ ಇರಲಿಲ್ಲವಾಗಿ ಚೀಲ ನನ್ನಲ್ಲೇ ಉಳಿಯಿತು. ನಾನು ಮತ್ತೆ ಬಾಟಲಿ ಎತ್ತಿಕೊಂಡೆ.

ಈ ರೈಫಲ್ ನಮ್ಮ ಮನೆಗೆ ಹೇಗೆ ಬಂತು, ಅಂದರೆ ಹೇಗೆ ಬರಲಿಲ್ಲ ಎಂಬುದನ್ನು ಹೇಳಬೇಕು. ಶಶಿಕಾಂತ ಒಂದು ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್. ಅವನ ಉಗುರು ಒಂದು ವಾರ ನೀಲಿ, ಒಂದು ವಾರ ಗುಲಾಬಿ. ಮೂರು ವರ್ಷದಿಂದ ಪ್ರತಿ ಭಾನುವಾರ ನೆರೂಳಿನ ಒಂದು ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದ. ಗುಂಡು ಹೊಡೆಯಲು ಎನ್ನುತ್ತಿದ್ದ. ಬಂದು ನನಗೆ ಲಿವರ್ ಆಕ್ಷನ್ ಪಾಠ ಮಾಡುತ್ತಿದ್ದ.

"ನೋಡು, ಕುದುರಿ ಕೆಳಗ ಒಂದು ಬಳಿ ಇರತದ. ಕುದುರಿ ಅಂದ್ರ ಬಂದೂಕಿನ ಕುದುರಿ, ಟ್ರಿಗರ್. ಆ ಬಳಿ ಕೆಳಗ ಒತ್ತಿ ಮ್ಯಾಲ ಎಳದ್ರ ಖಾಲಿ ತೋಟಾ ಹೊರಗ, ಹೊಸಾದು ಒಳಗ. ಖಟ್-ಖಟಕ್. ನೂರಿಪ್ಪತ್ತು ವರ್ಷದ್ದು, ಇವತ್ತಿಗೂ ಬೆಣ್ಣಿಹಂಗ ನಡೀತದ."

ಕುಕ್ಕರಿನ ಹಿಡಿಕೆ ಹಿಡಿದು ತೋರಿಸುತ್ತಿದ್ದ. ಖಟ್-ಖಟಕ್ ಅನ್ನು ಬಾಯಿಂದ ಮಾಡುತ್ತಿದ್ದ. ಉಗುರು ಗುಲಾಬಿ ಇದ್ದ ವಾರ ನೋಡಲು ಕಷ್ಟವಾಗುತ್ತಿತ್ತು.

ಕೂಟದಲ್ಲಿ ಯಾರೋ ನಿಮ್ಮ ಹತ್ತಿರ ಇಂಥವು ಎಷ್ಟಿವೆ ಎಂದು ಕೇಳಿದರು. "ಅವ ಒಂದೆರಡು" ಎಂದು ಬಾಯಿತಪ್ಪಿ ಅಂದ. ಗಣಪತಿ ಹಬ್ಬಕ್ಕೆ ಅವು ಏಳಾದವು. ನವರಾತ್ರಿಗೆ ಹದಿನಾಲ್ಕು. ಸಂಖ್ಯೆ ಹೆಚ್ಚಿಸಿದವನು ಅವನಲ್ಲ; ಬೇರೆಯವರು ಹೆಚ್ಚಿಸಿದರು, ಅವನು ಚಹಾ ಕುಡಿಯುತ್ತ ಕೂತಿದ್ದ. ಸಾನಪಾಡಾದಿಂದ ಒಬ್ಬರು ತಮ್ಮ ಮಗಳ ಮದುವೆ ಮೆರವಣಿಗೆಗೆ ಎರಡು ಕೊಡಿ ಎಂದು ಕೇಳಿಕೊಂಡು ಬಂದಿದ್ದರು. ನಾನು ಎಂಎ ಮಾಡಿದವಳು, ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವವಳು. ಎರಡು ಕೋಣೆಯ ಮನೆಯಲ್ಲಿ ಹದಿನಾಲ್ಕು ರೈಫಲ್ ಎಲ್ಲಿವೆ ಎಂದು ನಾನೂ ಕೇಳಲಿಲ್ಲ. ಅವನ ಮಾತಿನ ಜಿಪ್ಪನ್ನು ಎಳೆದು ನೋಡುವ ಅಭ್ಯಾಸ ನನಗಿರಲಿಲ್ಲ.

ಖಂಡೇನವಮಿಗೆ ಒಂದನ್ನಾದರೂ ತರಲೇಬೇಕೆಂದು ಕಾಕಾ ಅಪ್ಪಣೆ ಮಾಡಿದರು. ಕೂಟದ ಹಾಲಿನಲ್ಲಿ ತಕ್ಕಡಿ, ಕತ್ತರಿ, ಲ್ಯಾಪ್‌ಟಾಪ್, ಒಬ್ಬರ ಇಂಜೆಕ್ಷನ್ ಪೆಟ್ಟಿಗೆ ಎಲ್ಲ ಸಾಲಾಗಿ ಕೂತಿದ್ದವು. ನಡುವೆ ಪಟ್ಟದ ಆನೆಯಂತೆ ಈ ಚೀಲ.

"ಜಿಪ್ ತೆಗಿಯೋ ಶಶಿ, ಮಂದಿ ಕಾಯಾಕತ್ಯಾರ."

"ಕಾಯ್ದೆ ಪ್ರಕಾರ ತೆಗಿಯಂಗಿಲ್ಲ ಕಾಕಾ. ಸಾರ್ವಜನಿಕ ಜಾಗಾ."

ಕಾಯ್ದೆ ಎಂಬ ಮಾತು ಕೇಳಿ ಎಲ್ಲರ ಭಕ್ತಿ ಇಮ್ಮಡಿಯಾಯಿತು. ಅರವತ್ತು ಮಂದಿ ಸಾಲಿನಲ್ಲಿ ಬಂದು ಚೀಲಕ್ಕೆ ಅರಿಸಿನ ಕುಂಕುಮ ಹಚ್ಚಿ, ಬನ್ನಿ ಏರಿಸಿ, ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೊನೆಗೆ ಮನೆಯ ಸೊಸೆ ಎಂದು ನನ್ನನ್ನು ಕರೆದರು. ನನ್ನದೇ ಲಟ್ಟಣಿಗೆಗೆ ನಾನು ಆರತಿ ಎತ್ತಿದೆ.

ಹವಾಲ್ದಾರರು ಮೆಟ್ಟಿಲಿಳಿಯುವ ಮೊದಲೇ ಸೊಸೈಟಿಗೆ ಸುದ್ದಿ ಇಳಿದಿತ್ತು. ಎದುರು ಮನೆಯ ವೈಶಾಲಿ ಬಾಗಿಲಲ್ಲೇ ನಿಂತಿದ್ದಳು.

"ನಾ ಮೊದಲಽ ಹೇಳಿದ್ದೆ ನಮ್ಮನಿಯವರಿಗೆ. ದಿನಾ ಸಂಜಿ ಖಟ್-ಖಟಕ್ ಸಪ್ಪಳಾ ಬರತಿತ್ತು. ಗೋಡಿಗೆ ಕಿವಿ ಹಚ್ಚಿ ಕೇಳೇನಿ. ಹದಿನಾಕು ಸಲ ಎಣಿಸೇನಿ."

"ಅದು ಕುಕ್ಕರು, ವೈಶಾಲಿ."

"ಹಂಗಽ ಅನಬೇಕಾಗತದ ಬಿಡು. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ" ಎಂದು ಸಮಾಧಾನ ಹೇಳಿ, ಮೂರನೆಯ ಮಹಡಿಗೆ ಹೇಳಲು ಹೋದಳು.

ಸೊಸೈಟಿ ಸೆಕ್ರೆಟರಿ ಯತಿನ್ ಕಾಗದ ಹಿಡಿದುಕೊಂಡೇ ಬಂದರು. "ಭಾಭೀಜೀ, ದುಃಖ್ ತೋ ಹಮ್ ಸಬ್ ಕೋ ಹೈ. ಲೇಕಿನ್ ಚೌದಾ ರೈಫಲ್? ಅಪನೀ ಸೊಸೈಟಿ ಮೇ ಸೈಕಲ್ ರಖನೇ ಕೋ ಭೀ ಎನ್‌ಒಸಿ ಲಗತಾ ಹೈ." ಸೈಕಲ್ ಇಡಲಿಕ್ಕೂ ಸೊಸೈಟಿಯ ಒಪ್ಪಿಗೆ ಪತ್ರ ಬೇಕು, ಇನ್ನು ಹದಿನಾಲ್ಕು ರೈಫಲಿಗೆ?

"ಒಂದೂ ಇಲ್ಲ. ಲಟ್ಟಣಿಗೆ ಇತ್ತು, ಅದನ್ನೂ ಪೊಲೀಸರು ಒಯ್ದರು."

ಅವರು ಹಾಸಿಗೆಯ ಕೆಳಗೆ ಬಗ್ಗಿ ನೋಡಿದರು. "ಗಾಂವ್ ಭೇಜ್ ದಿಯಾ? ಅಚ್ಛಾ ಕಿಯಾ", ಊರಿಗೆ ಕಳಿಸಿದ್ದು ಒಳ್ಳೆಯದಾಯಿತು, ಎಂದು ಮೆಲ್ಲನೆ ಹೇಳಿ ನಮಸ್ಕರಿಸಿದರು. ಗಂಡ ಸತ್ತ ಮೇಲೆ ಮೊದಲ ಸಲ ಯಾರೋ ನನ್ನ ಜಾಣತನವನ್ನು ಮೆಚ್ಚಿದ್ದರು.

ಮಧ್ಯಾಹ್ನ ಕಲ್ಯಾಣದಿಂದ ಕಾಕಾ ಬಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ಕೆಂಪಾಯಿತು.

"ಲಟ್ಟಣಿಗಿ? ಅರವತ್ತು ಮಂದಿ ಕೂಡಿ ಲಟ್ಟಣಿಗಿ ಪೂಜಾ ಮಾಡೀವೇನು? ನಾ ಈ ಕೈಲೆ ಮುಟ್ಟೇನಿ ಶಿವಾನಿ. ಕಬ್ಬಿಣ! ತಣ್ಣಗ ಹತ್ತಿತು!"

"ಮರ ಕಾಕಾ. ಮ್ಯಾಲೆ ಚಾದರಾ ಸುತ್ತಿತ್ತು."

"ಚಾದರದಾಗಿಂದೂ ತಣ್ಣಗ ಹತ್ತಿತು! ನೀ ಸಾಲಿ ಕಲತಾಕಿ, ನಿನಗ ತಿಳಿಯಂಗಿಲ್ಲ. ಸತ್ತವನ ಮಾನ ಅದ ಇದರಾಗ."

ಅದರಲ್ಲಿ ಇನ್ನೂ ಕೆಲವು ಮಾನಗಳಿದ್ದವು. ಮುಂದಿನ ತಿಂಗಳು ಕೂಟದ ಚುನಾವಣೆ. ಲಟ್ಟಣಿಗೆಗೆ ಮಂಗಳಾರತಿ ಮಾಡಿಸಿದ ಅಧ್ಯಕ್ಷರನ್ನು ಯಾರು ಆರಿಸುತ್ತಾರೆ? ಸಂಜೆಯೊಳಗೆ ಕಾಕಾ ಮನೆಮನೆಗೆ ತಿರುಗಿ ಒಂದು ಹೇಳಿಕೆಗೆ ಸಹಿ ಮಾಡಿಸಿದರು. "ದಿವಂಗತ ಶಶಿಕಾಂತರು ಪೂಜೆಗೆ ತಂದಿದ್ದುದು ನಿಜವಾದ ಪುರಾತನ ರೈಫಲ್ ಎಂದು, ಮುಟ್ಟಿ ನೋಡಿದ ನಾವು ಪ್ರಮಾಣೀಕರಿಸುತ್ತೇವೆ." ಅರವತ್ತು ಸಹಿ. ಸುಂದರಿ ಎಂಬ ಒಬ್ಬಾಕೆ ಬೆಳ್ಳಿಯ ಕೆತ್ತನೆಯನ್ನೂ ಕಂಡಿದ್ದಾಗಿ ಸೇರಿಸಿದ್ದರು. ಇದನ್ನು ಕಾಕಾ ತಾವೇ ಒಯ್ದು ಠಾಣೆಗೆ ಕೊಟ್ಟು ಬಂದರು. ಲೈಸೆನ್ಸ್ ಇಲ್ಲದ ಬಂದೂಕಿಗೆ ಅರವತ್ತು ಕಣ್ಣುಸಾಕ್ಷಿ, ಪೊಲೀಸರಿಗೆ ಬೆವರು ಸುರಿಸದೆ ಸಿಕ್ಕಿದ್ದು.

ಮರುದಿನ ಬೆಳಿಗ್ಗೆ ನನ್ನನ್ನು ಕರೆಸಿದರು. ಮೇಜಿನ ಒಂದು ಕಡೆ ಸಹಿಗಳ ಹಾಳೆ, ಇನ್ನೊಂದು ಕಡೆ ಅರಗು ಹಚ್ಚಿದ ಲಕೋಟೆ. ಸಾಹೇಬರು ಮರಾಠಿಯಲ್ಲಿ, ಬೇಸರವಿಲ್ಲದೆ ಮಾತಾಡಿದರು.

"ಮೇಡಮ್, ಒಂದು ಕಡೆ ಅರವತ್ತು ಮರ್ಯಾದಸ್ಥರು. ಒಂದು ಕಡೆ ಲಾಟಣೆ. ನಾನು ಯಾರನ್ನು ನಂಬಲಿ?"

"ಲಾಟಣೆಯನ್ನು."

ಅವರು ನಗಲಿಲ್ಲ. "ಫೋಟೋದಲ್ಲಿರುವ ರೈಫಲ್ ಕ್ಲಬ್ಬಿನದು ಎನ್ನುತ್ತೀರಿ. ಅದು ಅಲ್ಲಿಂದ ಅಲ್ಲಾಡಿಲ್ಲ ಎಂದು ಕ್ಲಬ್ಬಿನ ಪುಸ್ತಕದ ನಕಲು, ಮೊಹರಿನ ಸಿಕ್ಕಾ ಹಾಕಿಸಿ, ಇವತ್ತು ಸಂಜೆಯೊಳಗೆ ತನ್ನಿ. ಇಲ್ಲದಿದ್ದರೆ ಬಂದೂಕು ಬಚ್ಚಿಟ್ಟ ಕೇಸು ನಿಮ್ಮ ಹೆಸರಿಗೆ."

ಕೇಸಾದರೆ ಕಾಲೇಜಿನವರು ನನ್ನನ್ನು ಮುಂದುವರಿಸುವುದಿಲ್ಲ. ನನ್ನದು ವರ್ಷ ವರ್ಷದ ನೌಕರಿ. ಈಗ ಮನೆಯಲ್ಲಿ ಇರುವ ನೌಕರಿ ಅದೊಂದೇ.

ಕಾಕಾ ಹೊರಗೆ ಕಾಯುತ್ತಿದ್ದರು. ಅವರು ರಾತ್ರಿಯೆಲ್ಲ ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದರು.

"ರೈಫಲ್ ಇತ್ತು ಅನ್ನು. ಗಂಡ ಸತ್ತ ಸಂಕಟಕ್ಕ ಉಲ್ಹಾಸ ನದಿಗೆ ಒಗದೆ ಅನ್ನು. ಮುಗೀತು. ಮಾನಾನೂ ಉಳೀತು."

"ನಾ ಒಳಗ ಹೋಗತೀನಿ ಕಾಕಾ."

"ಎರಡು ದಿನದ ಮಾತು. ಜಾಮೀನು ನಾ ಕೊಡತೀನಿ. ಇಡೀ ಕೂಟ ನಿನ್ನ ಬೆನ್ನಿಗೆ ಅದ."

ಇಡೀ ಕೂಟದಲ್ಲಿ ಒಬ್ಬರೂ ನೆರೂಳಿಗೆ ಬರಲು ಒಪ್ಪಲಿಲ್ಲ. ನಾನು ಮನೆಗೆ ಹೋಗಿ ಚೀಲ ತೆಗೆದುಕೊಂಡೆ. ಅದರ ಬಾಯಿಯ ಒಳಮಗ್ಗುಲಲ್ಲಿ ಮಾರ್ಕರಿನಿಂದ ಬರೆದ ಕ್ಲಬ್ಬಿನ ವಿಳಾಸವೂ "ಅಂಗಾರ" ಎಂಬ ಹೆಸರೂ ಇದ್ದವು.

ಲೋಕಲ್ ಗಾಡಿಯ ಮಹಿಳೆಯರ ಡಬ್ಬಿಯಲ್ಲಿ ಒಬ್ಬಳು ಇದರಲ್ಲಿ ಗಿಟಾರ್ ಇದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಚೀಲವನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಎರಡೂ ಕೈಯಿಂದ ಕಂಬ ಹಿಡಿದುಕೊಂಡೆ. ಅಷ್ಟು ಮಾಡಿದರೆ ಸಾಕಿತ್ತು. ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿದೆ.

ಅಂಗಾರ ಎಪ್ಪತ್ತು ದಾಟಿದವರು, ಬಂಟ್ವಾಳ ಕಡೆಯವರು. ಕ್ಲಬ್ಬಿನ ಶಸ್ತ್ರಕೋಣೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ನನ್ನನ್ನು ನೋಡುವ ಮೊದಲು ಚೀಲ ನೋಡಿದರು.

"ಓ, ಬಂತಾ! ಆದಿತ್ಯವಾರ ತಂದು ಕೊಡ್ತೇನೆ ಅಂದ ಜನ ಪತ್ತೆಯೇ ಇಲ್ಲ. ಫೋನ್ ಮಾಡಿದ್ರೆ ತೆಗಿಯುದಿಲ್ಲ. ಎಂಥ ಮನುಷ್ಯ ಮಾರಾಯ್ರೆ ಅಂತ ನಾನು ಸಮಾ ಬೈದೆ. ನೀವು ಅವರ ಹೆಂಡ್ತಿಯಾ?"

"ಹೌದು. ಅವರು ತೀರಿಕೊಂಡರು. ಆದಿತ್ಯವಾರವೇ. ಇದನ್ನು ತರುತ್ತಿದ್ದರು."

ಅಂಗಾರ ಸ್ಟೂಲಿನ ಮೇಲೆ ಕೂತರು. "ನಾನು ಬೈದೆನಲ್ಲ ಅಮ್ಮ" ಎಂದರು. ಕಣ್ಣೊರೆಸಿಕೊಂಡು ಮತ್ತೆ ಅದನ್ನೇ ಅಂದರು. ಐದು ದಿನದಿಂದ ನನ್ನ ಮುಂದೆ ಅತ್ತವರಲ್ಲಿ ತಮ್ಮ ತಪ್ಪು ಹೇಳಿಕೊಂಡವರು ಇವರೊಬ್ಬರೇ.

ನಾನು ಬಂದ ಕೆಲಸ ಹೇಳಿದೆ. ಅವರು ಎದ್ದು ಗಾಜಿನ ಕಪಾಟು ತೆರೆದರು. ಕ್ಲಬ್ಬು ಕಟ್ಟಿದ ಯಜಮಾನರು ಒಂದೊಂದಾಗಿ ಹುಡುಕಿ ತಂದ ಲಿವರ್ ರೈಫಲುಗಳು, ಮೂರು. ಅವಕ್ಕೆ ಹೊಂದುವ ತೋಟಾ ಈಗ ಎಲ್ಲೂ ಸಿಗುವುದಿಲ್ಲ, ಉಳಿದಿರುವ ಕೆಲವನ್ನು ಸ್ಥಾಪಕರ ದಿನ ಮಾತ್ರ ತೆಗೆಯುತ್ತಾರೆ ಎಂದರು. ಫೋಟೋದ್ದು ನಡುವಿನದು. ಅಂಗಾರ ಅದನ್ನು ಹೊರತೆಗೆದು ಬಳೆಯನ್ನು ಕೆಳಗೊತ್ತಿ ಮೇಲಕ್ಕೆಳೆದರು.

ಖಟ್-ಖಟಕ್.

ಶಶಿಕಾಂತ ಬಾಯಲ್ಲಿ ಮಾಡುತ್ತಿದ್ದ ಸದ್ದು ಒಂದಿಷ್ಟೂ ತಪ್ಪಾಗಿರಲಿಲ್ಲ.

"ನೋಡಿ, ದಿನಾ ಬರೀತೇನೆ ನಾನು." ಪುಸ್ತಕದಲ್ಲಿ ಖಂಡೇನವಮಿಯ ದಿನದ ಮುಂದೆ ಮೂರೂ ರೈಫಲಿಗೆ "ಕಪಾಟಿನಲ್ಲಿ" ಎಂದಿತ್ತು. ಸಾಕು. ಆದರೆ ಅದೇ ಹಾಳೆಯ ಕೆಳಗೆ ಆ ವಾರ ಬಂದುಹೋದವರ ಪಟ್ಟಿ ಇತ್ತು. ಹೆಸರು: ಶಶಿಕಾಂತ. ಕೆಲಸ: ಅಂಟಿಸುವುದು.

"ಏನು ಅಂಟಿಸುವುದು? ಅವರು ಮೆಂಬರ್ ಅಲ್ಲವೇ?"

"ಮೆಂಬರ್ ಆಗ್ಲಿಕ್ಕೆ ಇದು ನಮ್ಮಂಥವರ ಜಾಗ ಅಲ್ಲ ಅಮ್ಮ." ಅವರು ಮೇಜಿನ ಮೇಲಿನ ಡಬ್ಬಿ ತೋರಿಸಿದರು. ಅದರ ತುಂಬ ಬೆರಳುಗುರಿನಷ್ಟು ಚೌಕದ ಕಾಗದದ ತುಂಡುಗಳು, ಕಪ್ಪು ಮತ್ತು ಬಿಳಿ. ಮೆಂಬರುಗಳು ಹೊಡೆದ ಮೇಲೆ ಗುರಿಹಲಗೆಯ ತೂತುಗಳಿಗೆ ಇವನ್ನು ಅಂಟಿಸುತ್ತಾರೆ. ಆಮೇಲೆ ಅದೇ ಹಲಗೆಗೆ ಮತ್ತೆ ಹೊಡೆಯುತ್ತಾರೆ. ಮೂರು ವರ್ಷ, ಪ್ರತಿ ಭಾನುವಾರ, ಬೆಳಿಗ್ಗೆಯಿಂದ ಊಟದ ತನಕ, ನನ್ನ ಗಂಡ ಬೇರೆಯವರ ಗುಂಡಿನ ತೂತು ಮುಚ್ಚಿದ್ದ. ಕೂಲಿ ಇಲ್ಲ. ರೈಫಲ್ ಒರೆಸುವಾಗ ಪಕ್ಕದಲ್ಲಿ ನಿಲ್ಲಲು ಬಿಡುತ್ತಿದ್ದರು.

"ಒಮ್ಮೆಯೂ ಹೊಡೆದಿಲ್ಲವೇ?"

"ಹೊಡೆದಿದ್ದಾರೆ, ಒಂದು ಸಲ. ಸ್ಥಾಪಕರ ದಿನ. ಯಜಮಾನ್ರೇ ಕೊಟ್ರು, ನಾನು ಫೋಟೋ ತೆಗ್ದೆ. ಹೊಡಿವಾಗ ಎರಡೂ ಕಣ್ಣು ಮುಚ್ಚಿದ್ರು ಪುಣ್ಯಾತ್ಮ. ಗುಂಡು ಸಮಾ ನಡುಮಧ್ಯಕ್ಕೇ ಬಿತ್ತು. ಬಗಲಿನವರ ಹಲಗೆಯ ನಡುಮಧ್ಯಕ್ಕೆ." ಅಂಗಾರ ನಕ್ಕು, ತಕ್ಷಣ ನಗು ನುಂಗಿದರು. "ಮತ್ತೆ ಅವರೇ ಓಡಿ ಹೋಗಿ ಆ ತೂತು ಅಂಟಿಸಿದ್ರು. ಎಷ್ಟು ಲಾಯ್ಕ್ ಅಂಟಿಸ್ತಿದ್ರು ಗೊತ್ತುಂಟಾ? ಕೈ ಸವರಿದ್ರೂ ಗೊತ್ತಾಗ್ತಿರಲಿಲ್ಲ. ಅವರ ಹಾಗೆ ಅಂಟಿಸುವ ಜನ ಇನ್ನು ಸಿಗುದಿಲ್ಲ."

ಅವರು ಹಾಳೆಯನ್ನೂ ನನ್ನ ಮುಖವನ್ನೂ ನೋಡಿದರು. ಆಮೇಲೆ ಡಬ್ಬಿಯಿಂದ ಒಂದು ಬಿಳಿ ಚೌಕ ಎತ್ತಿ, "ಕೆಲಸ" ಎಂಬಲ್ಲಿಗೆ ಹಿಡಿದರು.

"ಇಲ್ಲಿ ಇದನ್ನು ಅಂಟಿಸಿ ಜೆರಾಕ್ಸ್ ತೆಗೆಯುವಾ. ಪೊಲೀಸರಿಗೆ ಬೇಕಾದ್ದು ಮೇಲಿನದ್ದು. ನಿಮ್ಮ ಜನ ನೋಡಿದ್ರೆ ಅವರಿಗೆ ನಾಚಿಕೆ ಅಲ್ವಾ?"

ಬಿಳಿ ಚೌಕ ಆ ಪದಕ್ಕೆ ಅಳೆದು ಮಾಡಿದಂತಿತ್ತು.

"ಬೇಡ" ಎಂದೆ. "ಇದೊಂದು ತೂತು ಹಾಗೇ ಇರಲಿ."

ಜೆರಾಕ್ಸಿಗೆ ಕ್ಲಬ್ಬಿನ ಸಿಕ್ಕಾ ಬಿತ್ತು. ಅದರ ಚಿತ್ರ ತೆಗೆದು ಹವಾಲ್ದಾರರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅವರ ಫೋನು ಬಂತು. "ಸಾಹೇಬ್ರು ನೋಡಿದ್ರು. ಕಾಗದ ಸಂಜಿಗೆ ತಂದುಕೊಡ್ರಿ, ಲಟ್ಟಣಿಗಿ ಒಯ್ಯಿರಿ. ಫ್ಲೆಕ್ಸ್ ಅಷ್ಟು ಇಳಸಾಕ ಹೇಳ್ರಿ ಅಕ್ಕಾರ." ಅದೇ ಚಿತ್ರವನ್ನು ಕೂಟದ ಗುಂಪಿಗೂ ಕಳಿಸಿದೆ. ಒಬ್ಬೊಬ್ಬರಾಗಿ ಅರವತ್ತೂ ಮಂದಿ ನೋಡಿದರು. ಕೊನೆಗೆ ಕಾಕಾ ಕೈಮುಗಿದ ಚಿತ್ರವೊಂದನ್ನು ಹಾಕಿದರು, ಅದರ ಬೆನ್ನಿಗೇ ದೀಪಾವಳಿ ಫರಾಳದ ತಿಂಡಿಗಳ ಬುಕಿಂಗ್ ಸೂಚನೆಯನ್ನು.

ಅಂಗಾರ ಚೀಲ ಬಿಚ್ಚಿ ಎಣಿಸಿದರು. ಕಡ್ಡಿ, ಮೂರು ತುಂಡು. ಎಣ್ಣೆ ಬಾಟಲಿ ಒಂದು. ಅರಿಸಿನ ಕುಂಕುಮದ ಮೇಲೆ ಬೆರಳಾಡಿಸಿದರು.

"ಒಗೆದು ತರಬೇಕಿತ್ತು" ಎಂದೆ.

"ಬೇಡ ಅಮ್ಮ. ಪೂಜೆ ಆದದ್ದು, ಇರ್ಲಿ."

ಎರವಲು ಪುಸ್ತಕ ಬೇರೆ ಇತ್ತು. ಅದರಲ್ಲಿ ಶಶಿಕಾಂತನ ಸಹಿ, ಪಕ್ಕದಲ್ಲಿ ಬೆರಳಿನ ಗುಲಾಬಿ ಗುರುತು. ವಾಪಸು ಕೊಡಬೇಕಾದ ದಿನ: ಭಾನುವಾರ. ವಾಪಸು ಕೊಟ್ಟವರ ಸಹಿ ಎಂಬಲ್ಲಿ ನಾನು ಸಹಿ ಮಾಡಿದೆ. ಪೆನ್ನು ಮುಚ್ಚಲು ಹೋದಾಗ ಅಂಗಾರ ಸಂಕೋಚದಿಂದ ಕೊನೆಯ ಕಾಲಮಿನ ಮೇಲೆ ಬೆರಳಿಟ್ಟರು.

"ಇದೂ ಒಂದು ಉಂಟು. ಖಾಲಿ ಬಿಟ್ರೆ ಆಫೀಸಿನವರು ನನಗೆ ಬಯ್ತಾರೆ."

ತಡಕ್ಕೆ ಕಾರಣ ಎಂದಿತ್ತು. ಮೇಲಿನ ಸಾಲುಗಳಲ್ಲಿ ಮೆಂಬರುಗಳು ಬರೆದಿದ್ದರು: ಟ್ರೈನ್. ಮಳೆ. ಟ್ರೈನ್. ಟ್ರೈನ್. ಮರೆವು. ಟ್ರೈನ್.

ನಾನೂ ಟ್ರೈನ್ ಎಂದು ಬರೆದೆ.